ಗೋಧಿಯಿಲ್ಲದ ಪಾಪ್‌ಓವರ್ ಉಬ್ಬಿದ ಮೇಲೆ ಕುಸಿಯದೆ ನಿಲ್ಲಬೇಕಾದರೆ ಏನು ಮಾಡಬೇಕು?

ಪ್ರಶ್ನೆ (ನೀರ್ಚಾಲಿನಿಂದ)

ಎಲ್ಲರಿಗೂ ನಮಸ್ಕಾರ. ಗೋಧಿ, ಮೈದಾ ಬಿಟ್ಟು ಮನೆಯಲ್ಲೇ ಬೇಕಿಂಗ್ ಮಾಡುವವರು ಯಾರಾದರೂ ಇದ್ದರೆ, ಸ್ವಲ್ಪ ಉದ್ದವಾದ ಈ ಪ್ರಶ್ನೆಯನ್ನು ತಾಳ್ಮೆಯಿಂದ ಓದಿ ಉತ್ತರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನನ್ನ ಮಗಳಿಗೆ ಈಗ 14 ವರ್ಷ. ಕಬ್ಬಿಣದ ಮಾತ್ರೆಯನ್ನು ತಿಂಗಳುಗಟ್ಟಲೆ ತೆಗೆದುಕೊಂಡರೂ ರಕ್ತಹೀನತೆ ಗುಣವಾಗದ ಕಾರಣ ಎರಡು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದೆವು. ರಕ್ತಪರೀಕ್ಷೆಯಿಂದಲೂ ಸಣ್ಣ ಕರುಳಿನ ಬಯಾಪ್ಸಿಯಿಂದಲೂ ಸೀಲಿಯಾಕ್ ಕಾಯಿಲೆಯೆಂದು ಖಚಿತವಾಯಿತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನನ್ನು ಜೀವಮಾನವಿಡೀ ಬಿಡಬೇಕು, ಅದೇ ಇದಕ್ಕೆ ಚಿಕಿತ್ಸೆ ಎಂದು ವೈದ್ಯರು ಹೇಳಿದರು. ಅನ್ನ, ನೀರುದೋಸೆ, ಕೊಟ್ಟಿಗೆ, ಸೇಮಗೆ ಎಂದು ಅಕ್ಕಿಯ ಸುತ್ತಲೇ ಸುತ್ತುವ ನಮ್ಮ ಕಡೆಯ ಅಡುಗೆಮನೆಗೆ ಇದು ಬೇರೆಡೆಯಷ್ಟು ಕಷ್ಟವಾಗಲಿಲ್ಲ. ಗೋಳಿಬಜೆ ಮತ್ತು ಬೇಕರಿಯ ತಿಂಡಿಗಳನ್ನು ಅವಳು ತಕರಾರಿಲ್ಲದೆ ಬಿಟ್ಟಳು.

ಆದರೆ ಒಂದನ್ನು ಮಾತ್ರ ಅವಳು ಮರೆತಿಲ್ಲ. ನನ್ನ ತಮ್ಮ ಅಮೆರಿಕದ ಮೇಯ್ನ್ ರಾಜ್ಯದಲ್ಲಿದ್ದಾನೆ. ಅವಳಿಗೆ 9 ವರ್ಷವಾಗಿದ್ದಾಗ ನಾವು ಅಲ್ಲಿಗೆ ಹೋಗಿದ್ದೆವು. ಅಕೇಡಿಯಾ ರಾಷ್ಟ್ರೀಯ ಉದ್ಯಾನದೊಳಗೆ ಜೋರ್ಡನ್ ಪಾಂಡ್ ಹೌಸ್ ಎಂಬ ಹಳೆಯ ಉಪಾಹಾರಗೃಹವಿದೆ. ಅಲ್ಲಿ ಕೊಳದ ಎದುರಿನ ಹುಲ್ಲುಹಾಸಿನ ಮೇಲೆ ಕೂರಿಸಿ, ಬಿಸಿ ಪಾಪ್‌ಓವರಿನ ಜೊತೆಗೆ ಬೆಣ್ಣೆಯನ್ನೂ ಸ್ಟ್ರಾಬೆರಿ ಜಾಮನ್ನೂ ಕೊಡುತ್ತಾರೆ. ನೋಡದವರಿಗಾಗಿ ಹೇಳುತ್ತೇನೆ: ಮೊಟ್ಟೆ, ಹಾಲು, ಮೈದಾ, ಉಪ್ಪು ಇಷ್ಟೇ ಸೇರಿಸಿದ ತೆಳ್ಳಗಿನ ಹಿಟ್ಟನ್ನು ಆಳವಾದ ಅಚ್ಚಿಗೆ ಹೊಯ್ದು ಜೋರು ಬಿಸಿಯ ಓವನ್ನಿನಲ್ಲಿಟ್ಟರೆ, ಯೀಸ್ಟಾಗಲಿ ಸೋಡಾವಾಗಲಿ ಇಲ್ಲದೆಯೇ ಅದು ಅಚ್ಚಿನ ಬಾಯಿ ದಾಟಿ ಕೊಡೆಯಂತೆ ಉಬ್ಬುತ್ತದೆ. ಹೊರಗೆ ಗರಿಗರಿ, ಒಳಗೆ ಪೂರಾ ಟೊಳ್ಳು. ಇಂಗ್ಲೆಂಡಿನ ಯಾರ್ಕ್‌ಶೈರ್ ಪುಡ್ಡಿಂಗ್ ಇದರ ಹತ್ತಿರದ ಸಂಬಂಧಿ. ಮಗಳು ಅದನ್ನು ಮುರಿದಾಗ ಒಳಗಿನಿಂದ ಹಬೆ ಮುಖಕ್ಕೆ ಬಡಿದು ಬೆಚ್ಚಿ ನಕ್ಕದ್ದು ನನಗೂ ನೆನಪಿದೆ. ಕಳೆದ ತಿಂಗಳು ಅವಳು, “ಅಮ್ಮಾ, ಆ ಟೊಳ್ಳು ರೊಟ್ಟಿಯನ್ನು ಅಕ್ಕಿಯಲ್ಲಿ ಮಾಡಲಿಕ್ಕೆ ಆಗುವುದೇ ಇಲ್ಲವೇ?” ಎಂದು ಕೇಳಿದಳು.

ಆಗುತ್ತದೆಯೆಂದು ಹೇಳಿಬಿಟ್ಟೆ. ಅಲ್ಲಿಂದ ಇಲ್ಲಿಯವರೆಗೆ ನಾಲ್ಕು ಸಲ ಮಾಡಿದ್ದೇನೆ, ನಾಲ್ಕು ಸಲವೂ ಕೆಟ್ಟಿದೆ. ಗಿರಣಿಯಲ್ಲಿ ಬೀಸಿಸಿದ ಅಕ್ಕಿಹಿಟ್ಟು 120 ಗ್ರಾಂ, ಮೊಟ್ಟೆ 3, ಹಾಲು 240 ಮಿಲಿ, ಉಪ್ಪು ಅರ್ಧ ಚಮಚ. ಗ್ಲುಟನ್ನಿನ ಬದಲಿಗೆ ಬೇಕೆಂದು ಎಲ್ಲೋ ಓದಿ ತರಿಸಿಕೊಂಡ ಕ್ಸಾಂಥಾನ್ ಗಮ್ ಎಂಬ ಅಂಟುಪುಡಿ ಒಂದು ಚಮಚ. ನಮ್ಮದು 30 ಲೀಟರಿನ ಓಟಿಜಿ, ಎಂದರೆ ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್. ಮಗಳು ಶಾಲೆಯಿಂದ ಬಂದ ಮೇಲೆ ಸಂಜೆ 7 ಗಂಟೆಗೆ, ಮಫಿನ್ ತಟ್ಟೆಗೆ ತೆಂಗಿನೆಣ್ಣೆ ಸವರಿ, 230 ಡಿಗ್ರಿಯಲ್ಲಿ ಇಡುತ್ತೇನೆ. ಗಾಜಿನ ಬಾಗಿಲಿನಿಂದ ನೋಡುತ್ತಿದ್ದರೆ ಸುಮಾರು 15 ನಿಮಿಷಕ್ಕೆ ಒಂದು ಬೆರಳಿನಷ್ಟು ಏರುತ್ತದೆ, ಬೆಂದಿತೇ ಎಂದು ಬಾಗಿಲು ತೆರೆದ ಕೂಡಲೇ ಕುಗ್ಗಿ ಇಳಿಯುತ್ತದೆ. ಕತ್ತರಿಸಿದರೆ ಮೇಲೆ ತೆಳುವಾದ ಚರ್ಮ, ನಡುವೆ ಅಂಟಂಟು, ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಕಡುಬಿನಂತೆ ಬಿಗಿಯಾದ ಗಟ್ಟಿ. ಗ್ಲುಟನ್ ಇಲ್ಲದೆ ಇದು ಆಗುವ ಕೆಲಸವೇ ಅಲ್ಲವೇ, ಅಥವಾ ನಾನು ಎಲ್ಲಿ ತಪ್ಪುತ್ತಿದ್ದೇನೆ?


ಉತ್ತರ 1 (ಉಪ್ಪಳದಿಂದ)

ಅಕ್ಕಾ, ಆಗುವ ಕೆಲಸವೇ. ನಾನು ಮನೆಯಿಂದಲೇ ಕೇಕ್ ಮಾಡಿ ಕೊಡುವವಳು. ಗ್ಲುಟನ್ ಇಲ್ಲದ ಪಾಪ್‌ಓವರನ್ನೂ ಹಲವು ಸಲ ಮಾಡಿದ್ದೇನೆ. ನೀವು ಬರೆದದ್ದರಲ್ಲಿ ನನಗೆ ಕಂಡದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ ಕ್ಸಾಂಥಾನ್ ಗಮ್ ಬಹಳ ಹೆಚ್ಚಾಯಿತು. ಇಷ್ಟು ಹಿಟ್ಟಿಗೆ ಕಾಲು ಚಮಚ ಸಾಕು, ಅದೂ ಬೇಕೇ ಬೇಕೆಂದಿಲ್ಲ. ಬ್ರೆಡ್ಡಿಗೆ ಬೇಕಾದಷ್ಟು ಗಮ್ಮನ್ನು ಪಾಪ್‌ಓವರಿಗೆ ಹಾಕಿದರೆ ಹಿಟ್ಟು ಲೋಳೆಯಾಗಿ ಹಬೆಗೆ ಅದನ್ನು ಎತ್ತಲಿಕ್ಕೆ ಆಗುವುದಿಲ್ಲ, ನಡುವಿನ ಅಂಟು ಸಹ ಅದರಿಂದಲೇ ಬಂದದ್ದಿರಬೇಕು. ಪಾಪ್‌ಓವರ್ ಹಿಟ್ಟು ಸೌಟಿನಿಂದ ಧಾರೆಯಾಗಿ ಇಳಿಯುವಂತಿರಬೇಕು. ಹಾಲಿನ ಕೆನೆಗಿಂತ ದಪ್ಪವಿದ್ದರೆ ಅದು ಪಾಪ್‌ಓವರ್ ಆಗದೆ ಮಫಿನ್ ಆಗುತ್ತದೆ.

ಎರಡನೆಯದು ಅಚ್ಚು. ಮಫಿನ್ ತಟ್ಟೆಯ ಗುಳಿ ಅಗಲ, ಆಳ ಕಡಿಮೆ. ಹಿಟ್ಟು ಮೇಲಕ್ಕೆ ಹೋಗುವುದಕ್ಕಿಂತ ಪಕ್ಕಕ್ಕೆ ಹರಡುತ್ತದೆ. ಪಾಪ್‌ಓವರಿಗೆಂದೇ ಮಾಡಿದ ಅಚ್ಚುಗಳು ಉದ್ದವಾಗಿ, ನೆಟ್ಟಗಿನ ಗೋಡೆಯವಾಗಿರುತ್ತವೆ. ಅದನ್ನು ಹುಡುಕಿಕೊಂಡು ಹೋಗಬೇಡಿ, ಚಹಾ ಕುಡಿಯುವ ಸಣ್ಣ ಸ್ಟೀಲ್ ಲೋಟಗಳನ್ನು ಒಂದು ತಟ್ಟೆಯಲ್ಲಿ ಅಂತರ ಬಿಟ್ಟು ಸಾಲಾಗಿ ಇಡಿ, ನಾನು ಮಾಡುವುದೂ ಅದರಲ್ಲೇ. ಹಿಟ್ಟು ಲೋಟದ ಅರ್ಧಕ್ಕಿಂತ ಮೇಲೆ ಬರಬಾರದು. ಸವರಲಿಕ್ಕೆ ತೆಂಗಿನೆಣ್ಣೆಯಾಗಲಿ ಬೆಣ್ಣೆಯಾಗಲಿ ಬೇಡ, ಅಷ್ಟು ಬಿಸಿಗೆ ಎರಡೂ ಹೊಗೆಯೆದ್ದು ಕಮಟು ಹಿಡಿಯುತ್ತವೆ, ತುಪ್ಪವಾದರೆ ತಡೆದುಕೊಳ್ಳುತ್ತದೆ. ಅಂಚಿನವರೆಗೂ ಧಾರಾಳವಾಗಿ ಸವರಿ, ಓವನ್ ಬಿಸಿಯಾಗುವಾಗಲೇ ಖಾಲಿ ಲೋಟಗಳನ್ನೂ ಒಳಗಿಟ್ಟು ಕಾಯಿಸಿರಿ. ಹಿಟ್ಟು ಬಿದ್ದಾಗ ಚುಂಯ್ ಎನ್ನಬೇಕು.

ಬಾಗಿಲಿನ ವಿಷಯವನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. 230 ಡಿಗ್ರಿಯಲ್ಲಿ 18ರಿಂದ 20 ನಿಮಿಷ, ಆಮೇಲೆ ಬಾಗಿಲು ತೆರೆಯದೆಯೇ ಗುಂಡಿ ತಿರುಗಿಸಿ 180ಕ್ಕೆ ಇಳಿಸಿ ಇನ್ನೂ 15 ನಿಮಿಷ. ಮೊದಲ ಹಂತದಲ್ಲಿ ಏರುತ್ತದೆ, ಎರಡನೆಯ ಹಂತದಲ್ಲಿ ಗೋಡೆ ಒಣಗಿ ಗಟ್ಟಿಯಾಗುತ್ತದೆ. ನೀವು 15 ನಿಮಿಷಕ್ಕೇ ತೆರೆದರೆ ಗೋಡೆ ಇನ್ನೂ ಹಸಿ ಇರುತ್ತದೆ, ಒಳಗಿನ ಹಬೆ ತಣಿದು ನೀರಾದ ಕೂಡಲೇ ಕುಸಿಯದೆ ಬೇರೆ ದಾರಿಯಿಲ್ಲ. ಕೆಂಪಗಾಗಿದೆ ಎಂಬ ಕಾರಣಕ್ಕೆ ಹೊರಗೆ ತೆಗೆಯಬೇಡಿ. ಬಣ್ಣ ಬೇಗ ಬರುತ್ತದೆ, ಬಲ ತಡವಾಗಿ ಬರುತ್ತದೆ. ಹೊರಗೆ ತೆಗೆದ ತಕ್ಷಣ ಪ್ರತಿಯೊಂದರ ಪಕ್ಕಕ್ಕೂ ಚೂರಿಯ ತುದಿಯಿಂದ ಒಂದು ಚುಚ್ಚು ಚುಚ್ಚಿ ಹಬೆ ಬಿಡಬೇಕು. ಓಟಿಜಿಯಲ್ಲಿ ಮೇಲಿನ ಕಡ್ಡಿ ಹತ್ತಿರವಿರುವುದರಿಂದ ತಟ್ಟೆಯನ್ನು ಎಲ್ಲಕ್ಕಿಂತ ಕೆಳಗಿನ ಹಂತದಲ್ಲಿ ಇಡಿ, ಇಲ್ಲವಾದರೆ ತಲೆ ಬೇಗ ಗಟ್ಟಿಯಾಗಿ ಮೇಲೇಳುವುದೇ ನಿಂತುಹೋಗುತ್ತದೆ.


ಉತ್ತರ 2 (ಕುಂಬಳೆಯಿಂದ)

ನಾನು ನಿವೃತ್ತ ಭೌತಶಾಸ್ತ್ರ ಅಧ್ಯಾಪಕ. ಅಡುಗೆಯಲ್ಲಿ ನನಗಿಂತ ನನ್ನ ಮನೆಯವರಿಗೆ ಹೆಚ್ಚು ಗೊತ್ತು, ಆದರೂ ನಿಮ್ಮ ಪ್ರಶ್ನೆಯಲ್ಲಿ “ಸಂಜೆ 7 ಗಂಟೆ” ಎಂಬ ಮಾತು ನನ್ನ ಕಣ್ಣಿಗೆ ಬಿತ್ತು. ನಮ್ಮ ಕಡೆ ತೋಟದ ನಡುವಿನ ಮನೆಗಳಿಗೆ, ಟ್ರಾನ್ಸ್‌ಫಾರ್ಮರಿನಿಂದ ದೂರವಿದ್ದರೆ, ಸಂಜೆಯ ಹೊತ್ತು ವೋಲ್ಟೇಜ್ ಎಷ್ಟು ಇಳಿಯುತ್ತದೆಂದು ಎಲ್ಲರಿಗೂ ಗೊತ್ತಿದೆ. ಓವನ್ನಿನ ಕಡ್ಡಿ ಕೊಡುವ ಶಾಖವು ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿರುತ್ತದೆ. 230 ವೋಲ್ಟಿಗೆ 1,500 ವ್ಯಾಟ್ ಕೊಡುವ ಓಟಿಜಿ 190 ವೋಲ್ಟಿಗೆ ಸುಮಾರು 1,020 ವ್ಯಾಟ್ ಮಾತ್ರ ಕೊಡುತ್ತದೆ, ಎಂದರೆ ಮೂರರಲ್ಲಿ ಒಂದು ಪಾಲು ಹೋಯಿತು. ಕೇಕಿಗಾದರೆ ಹತ್ತು ನಿಮಿಷ ಹೆಚ್ಚು ಇಟ್ಟು ಸುಧಾರಿಸಬಹುದು. ಪಾಪ್‌ಓವರಿಗೆ ಹಾಗಲ್ಲ, ಅದರ ಎಲ್ಲ ಆಟ ಮೊದಲ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಬಾಗಿಲು ತೆರೆದು ಹಿಟ್ಟು ಇಡುವಾಗ ಹೊರಟುಹೋದ ಬಿಸಿಯನ್ನು ಓವನ್ ತಕ್ಷಣ ತುಂಬಿಕೊಳ್ಳಬೇಕು. ಫ್ರಿಜ್ಜಿಗೆ ಸ್ಟೆಬಿಲೈಸರ್ ಇದ್ದರೆ ಅದರ ಮೇಲಿನ ಅಂಕಿಯನ್ನು ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ನೋಡಿ.

ಗ್ಲುಟನ್ ಇಲ್ಲದೆ ಆಗುತ್ತದೆಯೇ ಎಂಬ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನೀರು ಹಬೆಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಪಾಪ್‌ಓವರನ್ನು ಎತ್ತುವುದು ಇದೊಂದೇ. ಆ ಹಬೆಯನ್ನು ಹಿಡಿದಿಡುವ ಚೀಲದ ಕೆಲಸವನ್ನು ಗೋಧಿಯ ಹಿಟ್ಟಿನಲ್ಲಿ ಗ್ಲುಟನ್ ಸ್ವಲ್ಪ ಮಾಡುವುದು ನಿಜ. ಆದರೆ ಇಷ್ಟು ನೀರಾದ ಹಿಟ್ಟಿನಲ್ಲಿ ಆ ಕೆಲಸದ ದೊಡ್ಡ ಪಾಲು ಮೊಟ್ಟೆಯ ಪ್ರೋಟೀನಿನದು. ಬಿಸಿಯೇರಿದಂತೆ ಮೊಟ್ಟೆ ಹೆಪ್ಪುಗಟ್ಟುತ್ತದೆ, ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತದೆ, ಇವೆರಡೂ ಸೇರಿ ಹಿಗ್ಗಬಲ್ಲ ಪೊರೆಯಾಗಿ ಕೊನೆಗೆ ಒಣಗಿ ಗೋಡೆಯಾಗುತ್ತವೆ. ಆದ್ದರಿಂದ ಮೊಟ್ಟೆ ಕಡಿಮೆ ಮಾಡಬಾರದು, 120 ಗ್ರಾಂ ಹಿಟ್ಟಿಗೆ 3 ಮೊಟ್ಟೆ ಸರಿಯಾಗಿಯೇ ಇದೆ.

ಇದಕ್ಕೆ ನಮ್ಮ ಊರಿನಲ್ಲೇ ಸಾಕ್ಷಿಯಿದೆ. ಮಲಬಾರಿನ ಮುಸ್ಲಿಂ ಮನೆಗಳಲ್ಲಿ ಮುಟ್ಟಸುರ್ಕ ಎಂಬ ತಿಂಡಿ ಮಾಡುತ್ತಾರೆ. ನೆನೆಸಿದ ಬೆಳ್ತಿಗೆ ಅಕ್ಕಿಯನ್ನು (ಕುದಿಸದೆ ಮಾಡಿದ ಬಿಳಿ ಅಕ್ಕಿ) ಸ್ವಲ್ಪ ಅನ್ನ ಮತ್ತು ಮೊಟ್ಟೆಯ ಜೊತೆಗೆ ನುಣ್ಣಗೆ ಅರೆದು, ಕಾದ ಎಣ್ಣೆಗೆ ಒಂದೊಂದೇ ಸೌಟು ಹೊಯ್ಯುತ್ತಾರೆ. ಅದು ಪೂರಿಯಂತೆ ಉಬ್ಬಿ ಮೇಲೆ ತೇಲುತ್ತದೆ. ನಮ್ಮ ನೆರೆಮನೆಯ ಹಿರಿಯರೊಬ್ಬರು ಮಾಡುವುದನ್ನು ಎಷ್ಟೋ ಸಲ ನಿಂತು ನೋಡಿದ್ದೇನೆ. ಸೌಟಿನಿಂದ ಬಿಸಿ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತಿದ್ದಂತೆ ನಡುವಿನಿಂದ ಗುಳ್ಳೆಯೆದ್ದು ಇಡೀ ತಿಂಡಿಯೇ ಒಂದು ಗುಳ್ಳೆಯಾಗುತ್ತದೆ. ಅದರಲ್ಲಿ ಗೋಧಿಯ ಕಣವೂ ಇಲ್ಲ. ಅಕ್ಕಿ, ಮೊಟ್ಟೆ, ಜೋರಾದ ಬಿಸಿ ಇಷ್ಟೇ ಸಾಕೆಂಬುದನ್ನು ಆ ಬಾಣಲೆ ತೋರಿಸಿಕೊಡುತ್ತದೆ.


ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದ. ಮೇಷ್ಟ್ರು ಹೇಳಿದಂತೆ ಸ್ಟೆಬಿಲೈಸರ್ ನೋಡಿದೆ. ಸಂಜೆ 7ಕ್ಕೆ 188, ಬೆಳಿಗ್ಗೆ 6ಕ್ಕೆ 226. ಈ ಎರಡು ವರ್ಷ ಸಂಜೆಯೇ ಮಾಡಿದ ಬೇರೆ ಎಷ್ಟೋ ತಿಂಡಿಗಳು ಯಾಕೆ ಅರೆಬೆಂದವೆಂದು ಈಗ ಅರ್ಥವಾಗುತ್ತಿದೆ.

ನಿನ್ನೆ ಭಾನುವಾರ ಬೆಳಿಗ್ಗೆ ಸ್ಟೀಲ್ ಲೋಟಗಳಲ್ಲಿ, ತುಪ್ಪ ಸವರಿ, ಗಮ್ ಕಾಲು ಚಮಚಕ್ಕೆ ಇಳಿಸಿ ಮಾಡಿದೆ. ಬಾಗಿಲು ಮುಟ್ಟಲಿಲ್ಲ. ಮೊದಲ ಬಾರಿಗೆ ಲೋಟದ ಬಾಯಿ ದಾಟಿ ಮೇಲೆ ಬಂದವು, ಕುಸಿಯಲೂ ಇಲ್ಲ. ಆದರೆ ತಲೆ ಬಿರುಕು ಬಿಟ್ಟ ಗದ್ದೆಯಂತೆ ಸೀಳಿತ್ತು, ಹಲ್ಲಿಗೆ ಮರಳುಮರಳಾಗಿ ಸಿಗುತ್ತಿತ್ತು, ತಳದ ಗಟ್ಟಿ ಕಡಿಮೆಯಾದರೂ ಹೋಗಲಿಲ್ಲ. ಮಗಳು ಒಂದನ್ನು ತಿಂದು, “ಹತ್ತಿರ ಬಂತಮ್ಮಾ” ಎಂದಳು. ಇನ್ನೇನು ಮಾಡಲಿ?


ಉತ್ತರ 3 (ಪೆರ್ಲದಿಂದ)

ತಂಗೀ, ನಿಮ್ಮ ತೊಂದರೆಯಿರುವುದು ಗಿರಣಿಯ ಹಿಟ್ಟಿನಲ್ಲಿ. ಒಣ ಅಕ್ಕಿಯನ್ನು ಎಷ್ಟು ಬೀಸಿದರೂ ಅದು ತರಿಯಾಗಿಯೇ ಇರುತ್ತದೆ; ಆ ತರಿ ಅರ್ಧ ಗಂಟೆಯಲ್ಲಿ ನೀರು ಕುಡಿದು ಮೆತ್ತಗಾಗುವುದಿಲ್ಲ, ಹಲ್ಲಿಗೆ ಸಿಗುವುದು ಅದೇ. ನೀರುದೋಸೆಗೆ ಯಾರಾದರೂ ಗಿರಣಿಯ ಹಿಟ್ಟು ಕಲಸುತ್ತಾರೆಯೇ? ನೆನೆಸಿ ಅರೆದ ಹಿಟ್ಟಿನಲ್ಲಿ ಬರುವ ನಯ ಒಣ ಹಿಟ್ಟಿನಲ್ಲಿ ಬರುವುದಿಲ್ಲವೆಂಬುದನ್ನು ನಮಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಬರೆದ ತಯಾರಿಯ ವಿಧಾನಗಳೆಲ್ಲ ಅಂಗಡಿಯಲ್ಲಿ ಸಿಗುವ ಹಿಟ್ಟಿನ ಪೊಟ್ಟಣವನ್ನು ನಂಬಿ ಬರೆದವು. ನಮ್ಮ ಮನೆಯಲ್ಲಿ ಅರೆಯುವ ವ್ಯವಸ್ಥೆ ಇರುವಾಗ ಆ ದಾರಿಯಲ್ಲಿ ಹೋಗುವ ಅಗತ್ಯವೇ ಇಲ್ಲ.

ತಳದ ಗಟ್ಟಿಗೂ ಇದರಲ್ಲೇ ಉತ್ತರವಿದೆ. ನೀರುದೋಸೆ ಹಿಟ್ಟನ್ನು ಐದು ನಿಮಿಷ ಬಿಟ್ಟರೆ ಅಕ್ಕಿ ತಳಕ್ಕೆ ಕೂತು ಮೇಲೆ ನೀರು ನಿಲ್ಲುತ್ತದೆ, ಅದಕ್ಕಾಗಿಯೇ ಪ್ರತಿ ಸೌಟಿಗೂ ತಳದಿಂದ ಕಲಕಿ ಹೊಯ್ಯುತ್ತೇವೆ. ಲೋಟದೊಳಗೂ ಅದೇ ನಡೆಯುತ್ತದೆ: ಹಿಟ್ಟು ಗಟ್ಟಿಯಾಗುವ ಮೊದಲೇ ಅಕ್ಕಿಯ ಭಾಗ ಕೆಳಗಿಳಿದು ಕಡುಬಾಗುತ್ತದೆ, ಮೊಟ್ಟೆಯ ಭಾಗ ಮಾತ್ರ ಮೇಲೇರುತ್ತದೆ. ಮೈದಾದಲ್ಲಿ ಗ್ಲುಟನ್ ಅದನ್ನು ತೇಲಿಸಿ ಇಡುತ್ತದೆ. ಕ್ಸಾಂಥಾನ್ ಗಮ್ ಮಾಡುವುದೂ ಆ ಕೆಲಸವನ್ನೇ. ಆದರೆ ಮೇಷ್ಟ್ರು ಹೇಳಿದ ಮುಟ್ಟಸುರ್ಕದಲ್ಲಿ ಅನ್ನ ಹಾಕಿ ಅರೆಯುತ್ತಾರಲ್ಲ, ಅದನ್ನು ಗಮನಿಸಿ. ಬೆಂದ ಅನ್ನದ ಪಿಷ್ಟ ಹಿಟ್ಟಿಗೆ ತೆಳ್ಳಗಿನ ಗಂಜಿಯ ಮೈ ಕೊಡುತ್ತದೆ. ಅರೆದ ಅಕ್ಕಿ ಅದರಲ್ಲಿ ತೇಲಿ ನಿಲ್ಲುತ್ತದೆ. ನಾನು ಗಮ್ ತರಿಸುವುದನ್ನು ಬಿಟ್ಟು ವರ್ಷವಾಯಿತು.

ನಾನು ಮಾಡುವ ಕ್ರಮವನ್ನು ವಿವರವಾಗಿ ಹೇಳುತ್ತೇನೆ. ಬೆಳ್ತಿಗೆ ಅಕ್ಕಿ 90 ಗ್ರಾಂ ತೂಗಿ, ತೊಳೆದು, ರಾತ್ರಿ ನೆನೆಹಾಕಿ. ಕುಚ್ಚಲಕ್ಕಿ ಖಂಡಿತ ಬೇಡ. ಅದು ಒಮ್ಮೆ ಬೆಂದು ಒಣಗಿದ ಅಕ್ಕಿ, ಹಿಟ್ಟು ದಪ್ಪವಾಗಿ ಮೇಲೇಳುವುದಿಲ್ಲ. ಬೆಳಿಗ್ಗೆ ನೀರು ಪೂರಾ ಬಸಿದು, ಬಟ್ಟೆಯ ಮೇಲೆ ಹರವಿ ಒರೆಸಿ, ಮತ್ತೆ ತೂಗಿ. ನನ್ನಲ್ಲಿ 90 ಗ್ರಾಂ ಹೆಚ್ಚುಕಡಿಮೆ 112 ಗ್ರಾಂ ಆಗುತ್ತದೆ, ಎಂದರೆ ಅಕ್ಕಿ 22 ಗ್ರಾಂ ನೀರು ಕುಡಿದಿದೆ. ಆ 22ನ್ನು 240ರಿಂದ ಕಳೆದು ಹಾಲನ್ನು 218 ಮಿಲಿ ಮಾತ್ರ ತೆಗೆದುಕೊಳ್ಳಬೇಕು. ಈ ಕಳೆಯುವ ಲೆಕ್ಕವನ್ನು ಬಿಟ್ಟರೆ ಹಿಟ್ಟು ನೀರಾಗಿ ಎಲ್ಲ ಕೆಡುತ್ತದೆ. ಅಕ್ಕಿಗೆ ಒಂದು ದೊಡ್ಡ ಚಮಚ ಬೆಳ್ತಿಗೆ ಅನ್ನ ಸೇರಿಸಿ, ಅರ್ಧದಷ್ಟು ಹಾಲು ಹಾಕಿ ಮಿಕ್ಸಿಯಲ್ಲಿ ಅರೆಯಿರಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉಜ್ಜಿದರೆ ಏನೂ ತಡೆಯಬಾರದು. ತಡೆದರೆ ಇನ್ನೊಂದು ಸುತ್ತು. ಜಾರು ಬಿಸಿಯೇರಿದರೆ ನಡುವೆ ನಿಲ್ಲಿಸಿ.

ಇದಕ್ಕೆ ಕೂವೆ ಹುಡಿ (ಆರಾರೂಟ್) 25 ಗ್ರಾಂ. ನಮ್ಮಲ್ಲಿ ಮಗುವಿಗೆ ಮಣ್ಣಿ ಮಾಡಲಿಕ್ಕೆಂದು ಮನೆಯಲ್ಲಿ ಇದ್ದೇ ಇರುತ್ತದೆ, ಇಲ್ಲದಿದ್ದರೆ ಮರಗೆಣಸಿನ ಪಿಷ್ಟ ಆಗಬಹುದು. ಬರೀ ಅಕ್ಕಿಯ ಗೋಡೆ ಪೆಡಸಾಗಿ ಬಿರಿಯುತ್ತದೆ, ನಿಮ್ಮ ತಲೆ ಸೀಳಿದ್ದಕ್ಕೆ ಅದೇ ಕಾರಣ. ಕೂವೆಯಾಗಲಿ ಮರಗೆಣಸಾಗಲಿ ಬೆಂದಾಗ ಎಳೆಯಂತೆ ಹಿಗ್ಗುವುದರಿಂದ ಹಬೆಯ ಜೊತೆ ಗೋಡೆಯೂ ಹಿಗ್ಗುತ್ತದೆ. ಆದರೆ ಪ್ರೀತಿಯಿಂದ ಹೆಚ್ಚು ಹಾಕಬೇಡಿ, ಅರ್ಧಕ್ಕರ್ಧ ಹಾಕಿ ಒಮ್ಮೆ ನೋಡಿದ್ದೇನೆ, ಜಗಿಯಲಾಗದ ರಬ್ಬರು. ಮೊಟ್ಟೆ ಮೂರನ್ನು ಬೇರೆ ಪಾತ್ರೆಯಲ್ಲಿ, ನೊರೆ ಬರಿಸದೆ, ಬಿಳಿ ಹಳದಿ ಒಂದಾಗುವಷ್ಟು ಮಾತ್ರ ಕಲಕಿ, ಉಳಿದ ಹಾಲು, ಅರ್ಧ ಚಮಚ ಉಪ್ಪು, ಕರಗಿಸಿದ ಬೆಣ್ಣೆ 15 ಗ್ರಾಂ ಕೂಡಿಸಿ, ಅರೆದದ್ದಕ್ಕೆ ಸೇರಿಸಿ. ಮೊಟ್ಟೆಯೂ ಹಾಲೂ ಫ್ರಿಜ್ಜಿನ ತಂಪಿನಲ್ಲಿ ಇರಬಾರದು. ಅರ್ಧ ಗಂಟೆ ಬಿಟ್ಟು, ಪ್ರತಿ ಲೋಟಕ್ಕೂ ತಳದಿಂದ ಕಲಕಿ ಹೊಯ್ಯಿರಿ. ಆರು ಲೋಟಕ್ಕೆ ಸರಿಯಾಗುತ್ತದೆ. ಬಿಸಿಯ ಲೆಕ್ಕ ಉಪ್ಪಳದವರು ಹೇಳಿದ್ದೇ.

ಹಾಲಿನ ಬದಲು ತೆಂಗಿನಹಾಲು ಹಾಕಬಹುದೇ ಎಂದು ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಮೊದಲ ಹಾಲು ಬೇಡ, ಕೊಬ್ಬಿನ ಭಾರಕ್ಕೆ ಏರುವುದಿಲ್ಲ. ಮೂರನೆಯ ಸಲ ಹಿಂಡಿದ ನೀರುಹಾಲಾದರೆ ತಕ್ಕಮಟ್ಟಿಗೆ ಏರುತ್ತದೆ.


ಉತ್ತರ 4 (ಮಂಜೇಶ್ವರದಿಂದ)

ನನಗೂ ಸೀಲಿಯಾಕ್ ಇದೆ, ಆದ್ದರಿಂದ ರುಚಿಯ ಮಾತಿಗಿಂತ ಮೊದಲು ಇನ್ನೊಂದು ಮಾತು ಹೇಳಲೇಬೇಕಾಗಿದೆ. ಗಿರಣಿಯ ಅಕ್ಕಿಹಿಟ್ಟನ್ನು ಮಗಳಿಗೆ ಕೊಡುವುದನ್ನು ಇವತ್ತೇ ನಿಲ್ಲಿಸಿ. ನಿಮಗಿಂತ ಮೊದಲು ಬಂದವರು ಅದೇ ಯಂತ್ರದಲ್ಲಿ ಗೋಧಿ ಬೀಸಿಸಿರುತ್ತಾರೆ. ಕಲ್ಲಿನ ಸಂದಿಯಲ್ಲೂ ಹಿಟ್ಟಿಳಿಯುವ ಬಟ್ಟೆಯ ಚೀಲದಲ್ಲೂ ಉಳಿದದ್ದೆಲ್ಲ ನಿಮ್ಮ ಅಕ್ಕಿಯ ಜೊತೆ ಬರುತ್ತದೆ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಗ್ಲುಟನ್ ಮುಕ್ತ ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟನ್ ಇರಬಾರದು. ಒಂದು ಕಿಲೋ ಹಿಟ್ಟಿನಲ್ಲಿ ಅದು ಕಣ್ಣಿಗೆ ಕಾಣುವಷ್ಟೂ ಇಲ್ಲ. ಒಂದು ಚಮಚ ಗೋಧಿಹಿಟ್ಟು ಬೆರೆತರೆ ಆ ಮಿತಿ ಎಷ್ಟೋ ಪಟ್ಟು ದಾಟುತ್ತದೆ. ನನ್ನ ರಕ್ತಪರೀಕ್ಷೆಯ ಅಂಕಿಗಳು ಒಂದು ವರ್ಷ ಇಳಿಯದೆ ಇದ್ದುದಕ್ಕೆ ಕಾರಣ ಗಿರಣಿಯ ಹಿಟ್ಟಿನ ಪತ್ತಿರಿ, ಎಂದರೆ ತೆಳು ಅಕ್ಕಿರೊಟ್ಟಿಯೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಅದನ್ನು ಬಿಟ್ಟ ಮೇಲೆ ಇಳಿಯಿತು. ಪೆರ್ಲದ ಅಕ್ಕನ ಕ್ರಮದಲ್ಲಿ ಅಕ್ಕಿ ನಿಮ್ಮ ಮನೆಯ ಮಿಕ್ಸಿಯಿಂದ ಹೊರಗೆ ಹೋಗುವುದೇ ಇಲ್ಲ. ನನ್ನ ಪಾಲಿಗೆ ಅದರ ದೊಡ್ಡ ಗುಣ ಅದೇ.

ಮನೆಯಲ್ಲಿ ಉಳಿದವರಿಗೆ ಚಪಾತಿ ಮಾಡುತ್ತೀರಾದರೆ ಜರಡಿ, ಲಟ್ಟಣಿಗೆ, ಮರದ ಸೌಟು ಮಗಳಿಗೆ ಬೇರೆಯೇ ಇರಲಿ. ಓಟಿಜಿಯಲ್ಲಿ ಬ್ರೆಡ್ ಸುಟ್ಟಿದ್ದರೆ ಕೆಳಗಿನ ತಟ್ಟೆಯ ಚೂರುಗಳನ್ನು ಒರೆಸಿ ತೆಗೆಯಿರಿ. ಕೂವೆ ಹುಡಿಯನ್ನು ಬಿಡಿಯಾಗಿ ತೂಗಿ ಕೊಡುವ ಕಡೆ ಕೊಳ್ಳಬೇಡಿ, ಅದೇ ಸೌಟು ಮೈದಾದ ಡಬ್ಬಕ್ಕೂ ಹೋಗಿರುತ್ತದೆ. ಪರಿಚಯದವರ ಮನೆಯಲ್ಲಿ ತೆಗೆದದ್ದಾದರೆ ಒಳ್ಳೆಯದು. ಖಾರದ ಪಾಪ್‌ಓವರ್ ಮಾಡುವ ಮನಸ್ಸಾದರೆ ಇಂಗನ್ನು ನೋಡಿ ಹಾಕಿ, ಅಂಗಡಿಯ ಕೂಟು ಇಂಗಿನಲ್ಲಿ ಮೈದಾ ಇರುವುದು ಸಾಮಾನ್ಯ.


ಇನ್ನೊಂದು ಪ್ರಶ್ನೆ (ಅಡೂರಿನಿಂದ)

ಮಧ್ಯೆ ಬಂದುದಕ್ಕೆ ಕ್ಷಮಿಸಿ. ನಮ್ಮದು ಮೊಟ್ಟೆ ತಿನ್ನದ ಮನೆ. ಮೊಟ್ಟೆಯಿಲ್ಲದೆ ಇದನ್ನು ಮಾಡುವ ಕ್ರಮವಿದೆಯೇ?


ಕುಂಬಳೆಯಿಂದ

ಇಲ್ಲ. ಗ್ಲುಟನ್ನೂ ಮೊಟ್ಟೆಯೂ ಎರಡೂ ಹೋದರೆ ಹಬೆಯನ್ನು ಹಿಡಿಯುವ ಪೊರೆಯೇ ಇರುವುದಿಲ್ಲ. ಅಗಸೆಬೀಜದ ಲೋಳೆ, ಮೊಸರು, ಸೋಡಾ ಹಾಕಿ ಮೃದುವಾದ ತಿಂಡಿ ಮಾಡಬಹುದು, ಟೊಳ್ಳಾದದ್ದು ಬರುವುದಿಲ್ಲ. ಅದರ ಬದಲು ಅಪ್ಪದ ಗುಳಿಯಲ್ಲಿ ಒಳ್ಳೆಯ ಗುಳಿಯಪ್ಪ ಮಾಡಿರೆಂದು ನನ್ನ ಸಲಹೆ.


ಪ್ರಶ್ನೆ ಕೇಳಿದವರು

ಇವತ್ತು ಬೆಳಿಗ್ಗೆ ಮಾಡಿದೆ. ಎಲ್ಲವನ್ನೂ ಹೇಳಿಯೇ ಮುಗಿಸುತ್ತೇನೆ.

ಮಂಜೇಶ್ವರದವರ ಮಾತು ಓದಿದ ದಿನವೇ ಗಿರಣಿಯ ಹಿಟ್ಟಿನ ಡಬ್ಬವನ್ನು ಖಾಲಿ ಮಾಡಿ, ಮಿಕ್ಸಿಯ ಜಾರಿನ ರಬ್ಬರ್ ಉಂಗುರವನ್ನೂ ತೆಗೆದು ತೊಳೆದೆ. ಅದರ ಅಡಿಯಲ್ಲಿ ಅಷ್ಟು ಹಿಟ್ಟು ಕೂತಿರುತ್ತದೆಯೆಂದು ನನಗೆ ಗೊತ್ತಿರಲಿಲ್ಲ. ಅಕ್ಕಿ ನಮ್ಮಲ್ಲಿ 90ರಿಂದ 113 ಆಯಿತು, ಹಾಲು 217 ತೆಗೆದುಕೊಂಡೆ. ಅನ್ನ ಹಾಕಿ ಅರೆದ ಮೇಲೆ ಹಿಟ್ಟಿನ ಗುಣವೇ ಬೇರೆಯಾಗಿತ್ತು. ಅರ್ಧ ಗಂಟೆಯ ನಂತರ ನೋಡಿದರೆ ಮೇಲೆ ನೀರು ನಿಂತಿರಲಿಲ್ಲ, ತಳದಲ್ಲಿ ಮಾತ್ರ ಸ್ವಲ್ಪ ಇಳಿದಿತ್ತು. ಕಾದ ಲೋಟಕ್ಕೆ ಹೊಯ್ದಾಗ ಅಂಚಿನ ತುಪ್ಪ ಚುಂಯ್ ಎಂದು ಸುತ್ತಲೂ ಬೆಳ್ಳಗೆ ಒಂದು ಬಳೆ ಕಟ್ಟಿತು.

ಆರೂ ಮುಕ್ಕಾಲಿಗೆ ಇಟ್ಟೆವು. ಮಗಳು ಸಮವಸ್ತ್ರದಲ್ಲೇ ಓವನ್ನಿನ ಮುಂದೆ ಮಣೆ ಹಾಕಿ ಕೂತಳು. ಹತ್ತನೆಯ ನಿಮಿಷದವರೆಗೆ ಏನೂ ಇಲ್ಲ, ಮೇಲ್ಮೈ ಸುಮ್ಮನೆ ನಡುಗುತ್ತಿತ್ತು. ಆಮೇಲೆ ಒಂದು ಲೋಟದ ಒಂದು ಬದಿ ಮೆಲ್ಲನೆ ಎದ್ದು ವಾಲಿತು, ನೋಡುತ್ತಿದ್ದಂತೆ ನಡುಭಾಗ ಒಡೆದು ಒಳಗಿನ ಹಳದಿ ಹಿಟ್ಟು ಮೇಲೆ ಉಕ್ಕಿ ಬಂದು ಅದೂ ಉಬ್ಬಿತು. 18 ನಿಮಿಷಕ್ಕೆ ಐದು ಲೋಟಗಳಲ್ಲಿ ಬಾಯಿಂದ ಮೂರು ಬೆರಳು ಎತ್ತರಕ್ಕೆ ನಿಂತಿದ್ದವು. ಆರನೆಯದು ಏಳಲಿಲ್ಲ. ಅದು ಪಾತ್ರೆಯ ಕೊನೆಯ ಹಿಟ್ಟು. ಕಲಕದೆ ಬಗ್ಗಿಸಿ ಹೊಯ್ದಿದ್ದೆ, ತಪ್ಪು ನನ್ನದೇ.

180ಕ್ಕೆ ಇಳಿಸಿ 15 ನಿಮಿಷ ಇಟ್ಟು, ಚುಚ್ಚಿ, ಲೋಟದಿಂದ ತೆಗೆದೆವು. ಒಂದೂ ಕುಸಿಯಲಿಲ್ಲ. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ, ಬೆರಳಿನಿಂದ ತಟ್ಟಿದರೆ ಒಣಗಿದ ತೆಂಗಿನ ಗರಟೆಯ ಸದ್ದು. ಮೈದಾದ್ದಕ್ಕಿಂತ ಗೋಡೆ ಸ್ವಲ್ಪ ತೆಳು, ಬಣ್ಣ ಸ್ವಲ್ಪ ಮಾಸಲು; ಒಳಗೆ ಅಂಟಿಲ್ಲ, ಮೊಟ್ಟೆಯ ಮೆದುವಾದ ಪದರ ಒಂದೆರಡು ಮಾತ್ರ. ಸ್ಟ್ರಾಬೆರಿ ಜಾಮ್ ನಮ್ಮಲ್ಲಿ ಇರಲಿಲ್ಲ, ಅತ್ತೆಯವರು ಕಳೆದ ಮಳೆಗಾಲಕ್ಕೆ ಮೊದಲು ಮಾಡಿಟ್ಟ ಹಲಸಿನ ಹಣ್ಣಿನ ಬೆರಟಿ ಇತ್ತು. ಮಗಳು ಮೊದಲನೆಯದನ್ನು ಮುರಿದು, ಹಬೆ ಹೋಗುವವರೆಗೆ ಒಳಗೆ ಇಣುಕಿ ನೋಡುತ್ತಾ ಕೂತಳು. ಆಮೇಲೆ ಬೆಣ್ಣೆಯನ್ನೂ ಬೆರಟಿಯನ್ನೂ ತುಂಬಿಕೊಂಡು ಎರಡು ತಿಂದಳು, ಮೂರನೆಯದನ್ನು ಡಬ್ಬಿಗೆ ಹಾಕಿಕೊಂಡು ಬಸ್ಸಿಗೆ ಓಡಿದಳು. ಎಲ್ಲರಿಗೂ ನಾನು ಎಷ್ಟು ಋಣಿಯೆಂದು ಬರೆಯಲಿಕ್ಕೆ ತಿಳಿಯುತ್ತಿಲ್ಲ.

ಒಂದೇ ಒಂದು ಬಾಕಿ ಇದೆ. ಡಬ್ಬಿಯಲ್ಲಿ ಒಯ್ದದ್ದು ಮಧ್ಯಾಹ್ನಕ್ಕೆ ಮೆತ್ತಗಾಗಿ ತೊಗಲಿನಂತಾಗಿತ್ತಂತೆ. ಅದಕ್ಕೇನಾದರೂ ಉಪಾಯವಿದೆಯೇ?


ಉಪ್ಪಳದಿಂದ

ಓದಿ ಬಹಳ ಸಂತೋಷವಾಯಿತು ಅಕ್ಕಾ. ಡಬ್ಬಿಗೆ ಉಪಾಯವಿಲ್ಲ, ನಮ್ಮ ಕಡಲ ತೀರದ ಗಾಳಿಯ ತೇವಕ್ಕೆ ಮೈದಾದ್ದೂ ಮೆತ್ತಗಾಗುತ್ತದೆ, ಅಕ್ಕಿಯದು ಇನ್ನೂ ಬೇಗ. ಉಳಿದದ್ದನ್ನು ಪೂರಾ ತಣಿಸಿ, ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿ ಇಡಿ. ಶಾಲೆಯಿಂದ ಬಂದ ಮೇಲೆ 180 ಡಿಗ್ರಿಯಲ್ಲಿ 5ರಿಂದ 7 ನಿಮಿಷ ಬಿಸಿ ಮಾಡಿದರೆ ಗರಿಗರಿ ಹಿಂದಕ್ಕೆ ಬರುತ್ತದೆ. ಅಷ್ಟು ಕೆಲಸಕ್ಕೆ ಸಂಜೆಯ 188 ವೋಲ್ಟ್ ಸಾಕಾಗುತ್ತದೆ.